ಬಾನೇರಿದ ವೀರವನಿತೆಯರು

ಕುದುರೆಯೇರಿ ಖಡ್ಗ ಹಿಡಿದ ಕಿತ್ತೂರು ಚೆನ್ನಮ್ಮನ ಚಿತ್ರವನ್ನು ಮನೆಯ ಗೋಡೆಗೆ ಗೌರವದಿಂದ ತೂಗುಹಾಕುತ್ತೇವೆ. ಆದರೆ ಅದೇ ಗೋಡೆಗೆ ಒರಗಿ ಓದುವ ಮಗಳು ವಿಮಾನ ನಡೆಸುವೆನೆಂದರೆ ಬೆಚ್ಚುತ್ತೇವೆ. ಯಲಬುರ್ಗಾದ ಸಮಾರಂಭವೊಂದರಲ್ಲಿ ತಾಯಿಯೊಬ್ಬರು, “ಶಾಸ್ತ್ರಿಗಳ, ಯುದ್ಧದಾಗ ಹೆಣ್ಮಕ್ಕಳು ವಿಮಾನ ನಡೆಸ್ಯಾರೇನ್ರಿ?” ಎಂದು ನಮ್ಮನ್ನು ಕೇಳಿದರು. ಆ ಪ್ರಶ್ನೆಗೆ ಚರಿತ್ರೆಯೇ ಉತ್ತರ ಹೇಳುತ್ತದೆ.

1941ರಲ್ಲಿ ಜರ್ಮನಿಯು ಸೋವಿಯತ್ ದೇಶದ ಮೇಲೆ ದಂಡೆತ್ತಿ ಬಂದಾಗ, ಮರೀನಾ ರಸ್ಕೋವಾ ಎಂಬ ಸಾಹಸಿಯ ಪ್ರಯತ್ನದಿಂದ ಮಹಿಳೆಯರ ಮೂರು ವಾಯುದಳಗಳು ರೂಪುಗೊಂಡವು. ಅವುಗಳಲ್ಲೊಂದು, ಕಟ್ಟಿಗೆ ಬಟ್ಟೆಗಳಿಂದ ಮಾಡಿದ ಪೋ-2 ಎಂಬ ಹಗುರ ವಿಮಾನಗಳಲ್ಲಿ ಇರುಳೆಲ್ಲ ಹಾರಿ ಶತ್ರುವಿನ ಮೇಲೆ ಬಾಂಬುಗಳನ್ನು ಹಾಕಿತು. ಆ ದಳದವರನ್ನು ಶತ್ರುಸೈನಿಕರು ‘ಇರುಳ ಮಾಟಗಾತಿಯರು’ ಎಂದು ಕರೆದರು. ಆ ಬೈಗುಳವೇ ಅವರಿಗೆ ಬಿರುದಾಯಿತು.

ನಮ್ಮ ವಾಯುಪಡೆಗೆ ಮಹಿಳಾ ಪೈಲಟ್‌ಗಳ ಮೊದಲ ತಂಡ ಸೇರಿದುದು 1994ರಲ್ಲಿ. ಐದೇ ವರ್ಷಗಳಲ್ಲಿ ಪರೀಕ್ಷಾಕಾಲ ಬಂದಿತು. 1999ರ ಕಾರ್ಗಿಲ್ ಯುದ್ಧದಲ್ಲಿ ಗುಂಜನ್ ಸಕ್ಸೇನಾ ಮತ್ತು ಶ್ರೀವಿದ್ಯಾ ರಾಜನ್ ಚೀತಾ ಹೆಲಿಕಾಪ್ಟರ್‌ಗಳನ್ನು ನಡೆಸಿದರು. ಗಾಯಾಳು ಯೋಧರನ್ನು ಹೊತ್ತು ತರುವುದು, ಮುಂಚೂಣಿಗೆ ಸಾಮಗ್ರಿ ಮುಟ್ಟಿಸುವುದು ಆ ಹೆಲಿಕಾಪ್ಟರ್‌ಗಳ ಹೊಣೆ. ಗಾಳಿಯೇ ವಿರಳವಾದ ಎತ್ತರ, ಸುತ್ತ ಶತ್ರುವಿನ ಗುಂಡು, ಕ್ಷಿಪಣಿಗಳ ಭಯ, ಹೆಲಿಕಾಪ್ಟರಿಗೋ ಶಸ್ತ್ರವಿಲ್ಲ. ಕೊಲ್ಲುವುದಕ್ಕಲ್ಲ, ಬದುಕಿಸುವುದಕ್ಕಾಗಿ ಪ್ರಾಣವನ್ನು ಪಣಕ್ಕಿಡುವುದು ಶೌರ್ಯವಲ್ಲದೆ ಮತ್ತೇನು? ಚೀತಾ ನಿರ್ಮಾಣವಾಗುತ್ತಿದ್ದುದು ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆಯಲ್ಲಿ ಎಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ.

ಈ ದಾರಿ ನಮ್ಮ ಕಲ್ಯಾಣ ಕರ್ನಾಟಕವನ್ನೂ ಹಾಯ್ದುಹೋಗಿದೆ. 2016ರ ಜೂನ್ 18ರಂದು ದೇಶದ ಮೊದಲ ಮಹಿಳಾ ಯುದ್ಧವಿಮಾನ ಪೈಲಟ್‌ಗಳಾಗಿ ವಾಯುಪಡೆ ಸೇರಿದ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಬಳಿಕ ಹಾಕ್ ವಿಮಾನದ ತರಬೇತಿ ಪಡೆದುದು ನಮ್ಮ ಬೀದರಿನಲ್ಲಿ. 2018ರಲ್ಲಿ ಚಿಕ್ಕಮಗಳೂರು ಜಿಲ್ಲೆಯ ಮೇಘನಾ ಶಾನಭಾಗ್ ಅದೇ ಹಾದಿಯಲ್ಲಿ ನಡೆದರು. 2022ರಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಬಾಗಿಲೂ ಹೆಣ್ಣುಮಕ್ಕಳಿಗೆ ತೆರೆಯಿತು. ಅಲ್ಲಿಂದ ವಾಯುಪಡೆ ಸೇರಬಯಸುವವರು ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತಗಳನ್ನು ಓದಿರಲೇಬೇಕು.

ನಮ್ಮ ಚಿಂತೆಯಿರುವುದು ಇಲ್ಲಿಯೇ. ಕುಷ್ಟಗಿ, ಗಂಗಾವತಿ, ಕೊಪ್ಪಳದ ಹಳ್ಳಿಗಳಲ್ಲಿ ಕಾಲೇಜು ದೂರವೆಂದೋ ಗಣಿತ ಕಠಿಣವೆಂದೋ ಎಷ್ಟು ಮಗಳಂದಿರನ್ನು ಹತ್ತನೆಯ ತರಗತಿಗೇ ನಿಲ್ಲಿಸಿಲ್ಲ? ಬಾನು ಮುಚ್ಚಿಲ್ಲ, ಮುಚ್ಚಿರುವುದು ನಮ್ಮ ಮನೆಯ ಹೊಸ್ತಿಲು. ಮಗಳು ಪೈಲಟ್ ಆಗದಿದ್ದರೂ ಚಿಂತೆಯಿಲ್ಲ, ಅವಳ ಓದು ನಿಲ್ಲದಿರಲಿ. ಆ ತಾಯಿಗೆ ನಾವು ಹೇಳಿದುದೂ ಇಷ್ಟೇ.