ಮಂಜಿನಲ್ಲಿ ವಿಮಾನ ಇಳಿಯುವುದು ಹೇಗೆ?

ಆಕಾಶದಲ್ಲಿ ವಿಮಾನ ಹಾರುವುದನ್ನು ನಾವೆಲ್ಲ ನೋಡಿದ್ದೇವೆ. ಅದು ಇಳಿಯಲು ಉದ್ದವಾದ, ನೇರವಾದ ರಸ್ತೆ ಬೇಕು. ಅದಕ್ಕೆ ರನ್‌ವೇ ಅಂತಾರೆ. ಬೆಂಗಳೂರಿನ ವಿಮಾನ ನಿಲ್ದಾಣ ದೇವನಹಳ್ಳಿ ಹತ್ತಿರ ಇದೆ. ಚಳಿಗಾಲದ ಬೆಳಗಿನ ಜಾವ ಅಲ್ಲಿ ದಟ್ಟ ಮಂಜು ಕವಿಯುತ್ತದೆ. ರನ್‌ವೇ ಕಾಣುವುದಿಲ್ಲ. ವಿಮಾನವೋ ಗಂಟೆಗೆ ಸುಮಾರು 250 ಕಿಲೋಮೀಟರ್ ವೇಗದಲ್ಲಿ ಬರುತ್ತಿರುತ್ತದೆ. ಹಾಗಾದರೆ ಇಳಿಯುವುದು ಹೇಗೆ? ತಿಳಿಯೋಣ ಬನ್ನಿ.

ರೇಡಿಯೋ ತೋರಿಸುವ ದಾರಿ

ರನ್‌ವೇ ಬಳಿ ಎರಡು ರೇಡಿಯೋ ಯಂತ್ರಗಳಿರುತ್ತವೆ. ಅವು ಆಕಾಶಕ್ಕೆ ಅಲೆಗಳನ್ನು ಕಳಿಸುತ್ತವೆ. ಈ ಅಲೆಗಳು ಕಣ್ಣಿಗೆ ಕಾಣುವುದಿಲ್ಲ. ಮಂಜು ಇವನ್ನು ತಡೆಯುವುದಿಲ್ಲ.

ಒಂದು ಯಂತ್ರ ರನ್‌ವೇಯ ಆಚೆ ತುದಿಯಲ್ಲಿರುತ್ತದೆ. ಅದು ಎಡಕ್ಕೊಂದು, ಬಲಕ್ಕೊಂದು ಅಲೆ ಕಳಿಸುತ್ತದೆ. ಕತ್ತಲಲ್ಲಿ ನಮ್ಮ ಎಡಕ್ಕೆ ಒಬ್ಬರು, ಬಲಕ್ಕೆ ಒಬ್ಬರು ತಮಟೆ ಬಾರಿಸುತ್ತಿದ್ದಾರೆ ಅನ್ನಿ. ಎರಡೂ ಸಮವಾಗಿ ಕೇಳಿದರೆ ನಾವು ನಟ್ಟನಡುವೆ ಇದ್ದೇವೆ ಅಂತ ಗೊತ್ತಾಗುತ್ತದೆ ಅಲ್ವಾ? ವಿಮಾನವೂ ಹೀಗೇ ನಡುದಾರಿ ಹಿಡಿಯುತ್ತದೆ.

ಇನ್ನೊಂದು ಯಂತ್ರ ರನ್‌ವೇಯ ಪಕ್ಕದಲ್ಲಿರುತ್ತದೆ. ಎಷ್ಟು ಎತ್ತರದಲ್ಲಿ ಬರಬೇಕು ಎಂದು ಅದು ತೋರಿಸುತ್ತದೆ. ಒಂದು ಕಿಲೋಮೀಟರ್ ಮುಂದೆ ಬಂದರೆ ಸುಮಾರು 170 ಅಡಿ ಕೆಳಗೆ ಇಳಿಯಬೇಕು.

ಆಟೋಪೈಲಟ್ ಎಂದರೇನು?

ವಿಮಾನ ನಡೆಸುವವರು ಪೈಲಟ್. ಈಗ ಎಷ್ಟೋ ಹೆಣ್ಣುಮಕ್ಕಳೂ ಪೈಲಟ್ ಆಗಿದ್ದಾರೆ. ಅವರಿಗೆ ನೆರವಾಗುವ ಯಂತ್ರವೇ ಆಟೋಪೈಲಟ್. ಪೈಲಟ್ ಮೊದಲು ಆ ರನ್‌ವೇಯ ರೇಡಿಯೋ ಹಿಡಿಯುತ್ತಾರೆ. ಆಮೇಲೆ ಗುಂಡಿ ಒತ್ತುತ್ತಾರೆ. ವಿಮಾನ ಎಡಕ್ಕೆ ಸರಿದರೆ ಆಟೋಪೈಲಟ್ ಬಲಕ್ಕೆ ತರುತ್ತದೆ. ಮೇಲಾದರೆ ಕೆಳಗೆ ತರುತ್ತದೆ.

ಹಾಗಂತ ಪೈಲಟ್ ಸುಮ್ಮನೆ ಕೂರುವಂತಿಲ್ಲ. ಎತ್ತುಗಳಿಗೆ ಮನೆ ದಾರಿ ಗೊತ್ತು. ಆದರೂ ಗಾಡಿ ಹೊಡೆಯುವವರು ಹಗ್ಗ ಬಿಟ್ಟು ಮಲಗಬಹುದೇ? ವೇಗ ಎಷ್ಟು, ಎತ್ತರ ಎಷ್ಟು ಅಂತ ಇಬ್ಬರು ಪೈಲಟ್‌ಗಳು ನೋಡುತ್ತಲೇ ಇರಬೇಕು.

ಕಾಣದಿದ್ದರೆ ಇಳಿಯಬಾರದು

ಇಳಿಯುವಾಗ ಒಂದು ಗಡಿ ಇದೆ. ಸಾಮಾನ್ಯವಾಗಿ ಅದು ನೆಲದಿಂದ 200 ಅಡಿ. ಅಂದರೆ ನಾಲ್ಕು ತೆಂಗಿನ ಮರ ಒಂದರ ಮೇಲೊಂದು ನಿಲ್ಲಿಸಿದಷ್ಟು. ಅಲ್ಲಿಗೆ ಬರುವುದರೊಳಗೆ ರನ್‌ವೇ ಅಥವಾ ಅದರ ದೀಪ ಕಾಣಬೇಕು. ಕಾಣದಿದ್ದರೆ ಮತ್ತೆ ಮೇಲೆ ಹೋಗಬೇಕು. ಇನ್ನೊಮ್ಮೆ ಸುತ್ತಿ ಬರಬೇಕು, ಇಲ್ಲವೇ ಬೇರೆ ಊರಲ್ಲಿ ಇಳಿಯಬೇಕು. ಇನ್ನೂ ಒಳ್ಳೆಯ ಯಂತ್ರಗಳು, ತರಬೇತಾದ ಪೈಲಟ್‌ಗಳು ಇದ್ದ ಕಡೆ ಗಡಿ ಇನ್ನೂ ಕೆಳಗಿರುತ್ತದೆ.

ದಾರಿ ತಪ್ಪಿದರೂ ಇದೇ ನಿಯಮ. 2010ರ ಮೇ 22ರಂದು ದುಬೈನಿಂದ ಮಂಗಳೂರಿಗೆ ಒಂದು ವಿಮಾನ ಬಂತು. ಅದು ಇರಬೇಕಾದ ಎತ್ತರಕ್ಕಿಂತ ಬಹಳ ಮೇಲಿತ್ತು. ಇಳಿಸುವುದು ಬೇಡ, ಮೇಲೆ ಹೋಗೋಣ ಎಂದು ಜೊತೆ ಪೈಲಟ್ ಹೇಳಿದರು. ಮುಖ್ಯ ಪೈಲಟ್ ಇಳಿಸಿದರು. ವಿಮಾನ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ಸತ್ತರು.

ಅಕ್ಕತಂಗಿಯರೇ, ನಮ್ಮವರು ಯಾರಾದರೂ ವಿಮಾನದಲ್ಲಿ ಬರುತ್ತಿರಬಹುದು. ವಿಮಾನ ಇಳಿಯದೆ ಮೇಲೆ ಹೋಯಿತು, ಬೇರೆ ಊರಿಗೆ ಹೋಯಿತು ಅಂದರೆ ಗಾಬರಿ ಬೇಡ. ಪೈಲಟ್ ಸರಿಯಾದ ಕೆಲಸವನ್ನೇ ಮಾಡಿದ್ದಾರೆ. ತಡವಾದರೂ ಸರಿ, ಕ್ಷೇಮವಾಗಿ ಬರುವುದು ಮುಖ್ಯ.