ಪ್ಲಾನಿಂಗ್ ಎಂಟಿಟಿ: ವೇಳಾಪಟ್ಟಿಯಲ್ಲಿ ಬದಲಾಗಬೇಕಾದ್ದು ಯಾವುದು?

ಶಾಲೆಯ ವೇಳಾಪಟ್ಟಿ, ಆಸ್ಪತ್ರೆಯ ನರ್ಸ್‌ಗಳ ಪಾಳಿ, ಸರಕು ವಾಹನಗಳ ಮಾರ್ಗ ಮುಂತಾದ ಹತ್ತಾರು ನಿರ್ಬಂಧಗಳಿರುವ ಲೆಕ್ಕಗಳಿಗೆ ಒಳ್ಳೆಯ ಉತ್ತರ ಹುಡುಕಿಕೊಡುವ ಜಾವಾ ತಂತ್ರಾಂಶ ಆಪ್ಟಾಪ್ಲಾನರ್. ಬೆಲ್ಜಿಯಂನ ಜೆಫ್ರಿ ಡಿ ಸ್ಮೆಟ್ 2006ರಲ್ಲಿ ಆರಂಭಿಸಿದ ಈ ಕೆಲಸ ಮುಂದೆ ರೆಡ್ ಹ್ಯಾಟ್ ಆಶ್ರಯದಲ್ಲಿ ಬೆಳೆಯಿತು. 2023ರಲ್ಲಿ ಅದರಿಂದ ಟೈಮ್‌ಫೋಲ್ಡ್ ಕವಲೊಡೆಯಿತು. ಎರಡರಲ್ಲಿ ಯಾವುದನ್ನು ಬಳಸಿದರೂ ಮೊದಲು ತೀರ್ಮಾನಿಸಬೇಕಾದ್ದು ಒಂದೇ: ಲೆಕ್ಕದಲ್ಲಿ ಯಾವುದು ಬದಲಾಗಬಹುದು, ಯಾವುದು ಬದಲಾಗಬಾರದು?

ಶಾಲೆಯ ವೇಳಾಪಟ್ಟಿಯಲ್ಲಿ ಕೊಠಡಿಗಳಿವೆ, ಪೀರಿಯಡ್‌ಗಳಿವೆ, ಪಾಠಗಳಿವೆ. ಲೆಕ್ಕ ನಡೆಯುವಾಗ ಕೊಠಡಿಗಳಾಗಲಿ ಪೀರಿಯಡ್‌ಗಳಾಗಲಿ ಬದಲಾಗುವುದಿಲ್ಲ. ಇಂಥವನ್ನು ಪ್ರಾಬ್ಲಮ್ ಫ್ಯಾಕ್ಟ್ ಎನ್ನುತ್ತಾರೆ. ಪಾಠದಲ್ಲೂ ವಿಷಯ, ಶಿಕ್ಷಕ, ತರಗತಿ ಮೊದಲೇ ನಿಗದಿಯಾಗಿರುತ್ತವೆ. ತೀರ್ಮಾನವಾಗದೆ ಉಳಿದದ್ದು ಅದು ಯಾವ ಪೀರಿಯಡ್‌ನಲ್ಲಿ, ಯಾವ ಕೊಠಡಿಯಲ್ಲಿ ನಡೆಯಬೇಕೆಂಬುದು. ಆದ್ದರಿಂದ ಪಾಠವೇ ಇಲ್ಲಿ ಪ್ಲಾನಿಂಗ್ ಎಂಟಿಟಿ. ಪೀರಿಯಡ್ ಮತ್ತು ಕೊಠಡಿ ಅದರ ಎರಡು ಪ್ಲಾನಿಂಗ್ ವೇರಿಯಬಲ್‌ಗಳು.

ಕೋಡ್‌ನಲ್ಲಿ ಇದನ್ನು ಹೇಳುವುದು ಸುಲಭ. ಪಾಠದ ಕ್ಲಾಸ್ ಮೇಲೆ @ಪ್ಲಾನಿಂಗ್‌ಎಂಟಿಟಿ, ಪೀರಿಯಡ್ ಮತ್ತು ಕೊಠಡಿಯ ಫೀಲ್ಡ್‌ಗಳ ಮೇಲೆ @ಪ್ಲಾನಿಂಗ್‌ವೇರಿಯಬಲ್ ಎಂದು ಗುರುತು ಹಾಕಬೇಕು. ಉತ್ತರ ಹುಡುಕುವ ಭಾಗವಾದ ಸಾಲ್ವರ್ ತನ್ನ ಬಳಕೆಗೆ ಪಾಠಗಳ ಪ್ರತಿ ಮಾಡಿಕೊಳ್ಳುವುದರಿಂದ ಆರ್ಗ್ಯುಮೆಂಟ್ ಇಲ್ಲದ ಕನ್‌ಸ್ಟ್ರಕ್ಟರ್ ಒಂದನ್ನೂ ಇಡುವುದು ವಾಡಿಕೆ. ವೇರಿಯಬಲ್‌ಗೆ ಯಾವ ಬೆಲೆಗಳನ್ನು ಕೊಡಬಹುದೆಂಬುದು ವ್ಯಾಲ್ಯೂ ರೇಂಜ್‌ನಿಂದ ಬರುತ್ತದೆ. ಇಲ್ಲಿ ಅದು ಕೊಠಡಿಗಳ ಹಾಗೂ ಪೀರಿಯಡ್‌ಗಳ ಪಟ್ಟಿ.

ಆರಂಭದಲ್ಲಿ ಈ ವೇರಿಯಬಲ್‌ಗಳು ಸಾಮಾನ್ಯವಾಗಿ ಖಾಲಿ, ಅಂದರೆ ನಲ್. ಮೊದಲ ಹಂತದ ವಿಧಾನಗಳು ಪ್ರತಿ ಪಾಠಕ್ಕೂ ಒಂದು ಜಾಗ ತುಂಬುತ್ತವೆ. ನಂತರದ ಹುಡುಕಾಟ ಅದನ್ನು ಅದಲುಬದಲು ಮಾಡುತ್ತ, ನಿರ್ಬಂಧಗಳು ಎಷ್ಟರಮಟ್ಟಿಗೆ ಪಾಲನೆಯಾಗಿವೆ ಎಂದು ತೋರಿಸುವ ಅಂಕವನ್ನು ಸುಧಾರಿಸುತ್ತದೆ. 10 ಪೀರಿಯಡ್, 3 ಕೊಠಡಿಗಳಿದ್ದರೆ ಒಂದು ಪಾಠಕ್ಕೆ 30 ಸಾಧ್ಯತೆಗಳು. ಪಾಠಗಳು 20 ಆದರೆ ಒಟ್ಟು ಸಾಧ್ಯತೆಗಳ ಸಂಖ್ಯೆಯೇ 30 ಅಂಕಿಗಳದ್ದು. ಎಲ್ಲವನ್ನೂ ಒಂದೊಂದಾಗಿ ಪರೀಕ್ಷಿಸುವುದು ಅಸಾಧ್ಯ.

ಎಂಟಿಟಿಯ ಆಯ್ಕೆಯೇ ಈ ಹೊರೆಯನ್ನು ಇಳಿಸಬಲ್ಲದು. ಚದುರಂಗದ ಹಲಗೆಯ ಮೇಲೆ ಒಂದನ್ನೊಂದು ಹೊಡೆಯದಂತೆ 8 ರಾಣಿಗಳನ್ನು ಇಡುವ ಹಳೆಯ ಸಮಸ್ಯೆ ಇದಕ್ಕೆ ಸ್ಪಷ್ಟ ಉದಾಹರಣೆ. ಪ್ರತಿ ರಾಣಿಗೂ 64 ಮನೆಗಳಲ್ಲಿ ಯಾವುದಾದರೂ ಆಗಬಹುದೆಂದರೆ ಸುಮಾರು 281 ಲಕ್ಷ ಕೋಟಿ ಸಾಧ್ಯತೆಗಳು. ಒಂದು ಕಂಬಸಾಲಿಗೆ ಒಂದೇ ರಾಣಿ ಎಂದು ಮೊದಲೇ ನಿಗದಿ ಮಾಡಿ, ಅಡ್ಡಸಾಲನ್ನು ಮಾತ್ರ ವೇರಿಯಬಲ್ ಆಗಿ ಬಿಟ್ಟರೆ ಉಳಿಯುವುದು 1,67,77,216. ಸರಿಯಾದ ಉತ್ತರಗಳಲ್ಲಿ ಒಂದೂ ಕೈತಪ್ಪುವುದಿಲ್ಲ.

ನರ್ಸ್‌ಗಳ ಪಾಳಿಯಲ್ಲಿ ನರ್ಸ್ ಅನ್ನೇ ಎಂಟಿಟಿ ಮಾಡಬೇಕೆನಿಸುವುದು ಸಹಜ. ಆದರೆ ಒಬ್ಬ ನರ್ಸ್‌ಗೆ ಎಷ್ಟು ಪಾಳಿ ಬೀಳುತ್ತದೆಂದು ಮೊದಲೇ ಗೊತ್ತಿರುವುದಿಲ್ಲ. ಒಂದು ಪಾಳಿಯ ಒಂದು ಜಾಗಕ್ಕೆ ಮಾತ್ರ ಒಬ್ಬರೇ ನರ್ಸ್. ಹಾಗಾಗಿ ಪಾಳಿಯ ಆ ಜಾಗವೇ ಎಂಟಿಟಿ, ನರ್ಸ್ ಅದರ ವೇರಿಯಬಲ್. ಹಲವು ಒಂದಕ್ಕೆ ಸೇರುವ ಸಂಬಂಧದಲ್ಲಿ 'ಹಲವು' ಇರುವ ಕಡೆ ವೇರಿಯಬಲ್ ಇಡುವುದು ರೂಢಿಯ ಸೂತ್ರ. ಸರಕು ಸಾಗಣೆಯಲ್ಲಿ ಸೂತ್ರ ತಿರುಗುತ್ತದೆ. ಅಲ್ಲಿ ಯಾವ ಗ್ರಾಹಕನ ನಂತರ ಯಾರು ಎಂಬ ಅನುಕ್ರಮವೂ ಮುಖ್ಯ. ಅದಕ್ಕಾಗಿ ವಾಹನವನ್ನು ಎಂಟಿಟಿ ಮಾಡಿ, ಅದು ಭೇಟಿ ಕೊಡುವ ಗ್ರಾಹಕರ ಸಾಲನ್ನು ಲಿಸ್ಟ್ ವೇರಿಯಬಲ್ ಆಗಿ ಕೊಡುತ್ತಾರೆ.

ಕೋಡ್ ಬರೆಯುವಾಗ ಎಡವುವ ಜಾಗವೊಂದಿದೆ. ಎಂಟಿಟಿಯ ಈಕ್ವಲ್ಸ್ ಮತ್ತು ಹ್ಯಾಶ್‌ಕೋಡ್ ಮೆಥಡ್‌ಗಳಲ್ಲಿ ಪ್ಲಾನಿಂಗ್ ವೇರಿಯಬಲ್ ಸೇರಬಾರದು. ಸೇರಿಸಿದರೆ, ಪಾಠದ ಕೊಠಡಿ ಬದಲಾದೊಡನೆ ಹ್ಯಾಶ್‌ಕೋಡ್ ಸಹ ಬದಲಾಗಿ, ಹ್ಯಾಶ್‌ಮ್ಯಾಪ್‌ನಲ್ಲಿ ಇಟ್ಟಿದ್ದ ಅದೇ ಪಾಠ ಮತ್ತೆ ಸಿಗದೆ ಹೋಗಬಹುದು. ಪ್ರತಿ ಎಂಟಿಟಿಗೂ ಬದಲಾಗದ ಗುರುತಿನ ಸಂಖ್ಯೆಯೊಂದನ್ನು ಕೊಟ್ಟು, ಅದಕ್ಕೆ @ಪ್ಲಾನಿಂಗ್‌ಐಡಿ ಎಂದು ಗುರುತು ಹಾಕುವುದು ಸುರಕ್ಷಿತ.

ವಾರದ ನಡುವೆ ವೇಳಾಪಟ್ಟಿಯನ್ನು ಮತ್ತೆ ಹೆಣೆಯಬೇಕಾಗಿ ಬಂದರೆ, ಮುಗಿದ ಪಾಠಗಳನ್ನು @ಪ್ಲಾನಿಂಗ್‌ಪಿನ್ ಮೂಲಕ ಕಟ್ಟಿಹಾಕಬಹುದು. ಸಾಲ್ವರ್ ಅವುಗಳನ್ನು ಅಲುಗಾಡಿಸದಿದ್ದರೂ ನಿರ್ಬಂಧಗಳ ಲೆಕ್ಕದಲ್ಲಿ ಅವು ಉಳಿಯುತ್ತವೆ.