ಓಟದ ಆ್ಯಪ್ ಬರೆಯೋ ಲೆಕ್ಕದಲ್ಲಿ ಅಳತೆ ಎಷ್ಟು, ಅಂದಾಜು ಎಷ್ಟು?

ಬೆಂಗಳೂರಿನ ವರ್ಲ್ಡ್ 10ಕೆ ಥರದ ರೇಸ್ ಮುಗಿದ ಮರುದಿನ ನನಗೆ ತಪ್ಪದೇ ಬರೋ ಮೆಸೇಜ್ ಒಂದಿದೆ. "ರೇಸ್ ಹತ್ತೇ ಕಿಲೋಮೀಟರ್ ಅಂದ್ರು, ನನ್ನ ವಾಚಲ್ಲಿ 10.2 ಬಂದಿದೆ. ಜಾಸ್ತಿ ಓಡಿಸಿಬಿಟ್ರಾ?" ಇದಕ್ಕೆ ಉತ್ತರ ಹುಡುಕ್ತಾ ಹೋದ್ರೆ ಓಟದ ಆ್ಯಪ್‌ಗಳ ಹೊಟ್ಟೆಯೊಳಗೆ ಏನಿದೆ ಅನ್ನೋದೇ ಗೊತ್ತಾಗುತ್ತೆ. ಹಾಗಾಗಿ ಈ ವಾರ ಅದೇ ವಿಷಯ.

ನಾನು ಓದಿದ್ದು ಬಿ.ಕಾಂ. ಅಕೌಂಟ್ಸ್ ಓದಿದವರಿಗೆಲ್ಲ ಗೊತ್ತಿರೋ ಮಾತು: ಲೆಕ್ಕದ ಪುಸ್ತಕದಲ್ಲಿ ಎಲ್ಲ ಅಂಕಿಗೂ ಒಂದೇ ತೂಕ ಇರಲ್ಲ. ಕೆಲವಕ್ಕೆ ಬಿಲ್ಲು, ವೋಚರ್ ಇರುತ್ತೆ. ಸವಕಳಿ ಎಷ್ಟು, ವಸೂಲಾಗದ ಸಾಲ ಎಷ್ಟು ಅನ್ನೋದೆಲ್ಲ ಅಂದಾಜು. ಆದ್ರೆ ಬ್ಯಾಲೆನ್ಸ್ ಶೀಟಲ್ಲಿ ಎರಡೂ ಒಂದೇ ಅಕ್ಷರದಲ್ಲಿ ಪ್ರಿಂಟ್ ಆಗಿರುತ್ತೆ. ಸ್ಟ್ರಾವಾ, ಗಾರ್ಮಿನ್, ನೈಕಿ ರನ್ ಕ್ಲಬ್, ಯಾವುದನ್ನೇ ತೆಗೆಯಿರಿ, ಅಲ್ಲೂ ಇದೇ ಕಥೆ. ಸಮಯ, ದೂರ, ಹೃದಯ ಬಡಿತ, ಕ್ಯಾಲೊರಿ ಎಲ್ಲಾ ಒಂದೇ ಸಾಲಲ್ಲಿ ನಿಂತಿರುತ್ತವೆ. ಇದರಲ್ಲಿ ಪಕ್ಕಾ ವೋಚರ್ ಇರೋದು ಸಮಯಕ್ಕೆ ಮಾತ್ರ.

ದೂರದಿಂದ ಶುರು ಮಾಡೋಣ. ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳು ತಮ್ಮ ಗಡಿಯಾರದ ಸಮಯವನ್ನು ರೇಡಿಯೋ ಸಂಕೇತದಲ್ಲಿ ಕಳಿಸ್ತಾನೇ ಇರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ತಲುಪೋಕೆ ಎಷ್ಟು ಹೊತ್ತು ಹಿಡಿಯಿತು ಅಂತ ನೋಡಿ, ನಿಮ್ಮ ಫೋನ್ ತಾನೆಲ್ಲಿದ್ದೇನೆ ಅಂತ ಲೆಕ್ಕ ಹಾಕುತ್ತೆ. ತೆರೆದ ಬಯಲಲ್ಲೂ ಆ ಜಾಗ ನಾಲ್ಕೈದು ಮೀಟರ್ ಆಚೀಚೆ ಆಗೋದು ಸಾಮಾನ್ಯ. ಹೀಗೆ ಸೆಕೆಂಡಿಗೊಂದರಂತೆ ಇಟ್ಟ ಚುಕ್ಕಿಗಳನ್ನು ಸೇರಿಸಿ ಗೆರೆ ಎಳೆದು, ಆ ಗೆರೆಯ ಉದ್ದವನ್ನೇ ಆ್ಯಪ್ 'ನೀವು ಓಡಿದ ದೂರ' ಅಂತ ತೋರಿಸುತ್ತೆ. ರಂಗೋಲಿ ಚುಕ್ಕಿ ಸ್ವಲ್ಪ ಓರೆಯಾದ್ರೆ ಗೆರೆ ಹೇಗೆ ಸೊಟ್ಟಗಾಗುತ್ತೋ ಹಾಗೆ. ನೇರ ರಸ್ತೆಯಲ್ಲಿ ಗೆರೆ ಅಂಕುಡೊಂಕಾಗಿ ದೂರ ಹೆಚ್ಚಾಗುತ್ತೆ. ಬಿಗಿ ತಿರುವಿನಲ್ಲಿ ಮೂಲೆ ಕತ್ತರಿಸಿಕೊಂಡು ಕಡಿಮೆಯೂ ಆಗಬಹುದು. ಕಬ್ಬನ್ ಪಾರ್ಕಿನ ದಟ್ಟ ಮರಗಳ ಕೆಳಗೆ ಸಂಕೇತ ಮಂಕಾಗುತ್ತೆ. ಗಾಜಿನ ಎತ್ತರದ ಕಟ್ಟಡಗಳ ಮಧ್ಯೆ ಗೋಡೆಗೆ ಬಡಿದು ಸುತ್ತಿಕೊಂಡು ಬರುತ್ತೆ, ಫೋನು ನಿಮ್ಮನ್ನು ಪಕ್ಕದ ರಸ್ತೆಯಲ್ಲಿ ಓಡಿಸುತ್ತೆ.

ಪ್ರಮಾಣೀಕರಿಸಿದ ರೇಸ್‌ನ ಮಾರ್ಗ ಅಳೆಯೋದು ಬೇರೆ ರೀತಿ. ಅದಕ್ಕೆ ಇವತ್ತಿಗೂ ಬೇಕಾಗಿರೋದು ಸೈಕಲ್ಲು! ಮುಂದಿನ ಚಕ್ರಕ್ಕೆ ಸುತ್ತು ಎಣಿಸುವ ಯಂತ್ರ ಕಟ್ಟಿ, ತಿರುವಿನಲ್ಲೆಲ್ಲ ಒಳಬದಿ ಹಿಡಿದು, ಓಡಬಹುದಾದ ಅತಿ ಚಿಕ್ಕ ದಾರಿಯನ್ನು ಅಳೀತಾರೆ. ಅಕಸ್ಮಾತ್ ಕಡಿಮೆ ಬೀಳಬಾರದು ಅಂತ ಕಿಲೋಮೀಟರಿಗೆ ಒಂದು ಮೀಟರ್ ಸೇರಿಸ್ತಾರೆ, ಮ್ಯಾರಥಾನ್ ಆದ್ರೆ ಸುಮಾರು 42 ಮೀಟರ್. ನಾವಾದ್ರೋ ಜನಜಂಗುಳಿಯಲ್ಲಿ ಹೊರಬದಿಯಿಂದ ಸುತ್ತಿ, ನೀರಿನ ಟೇಬಲ್ ಕಡೆ ಓಡಿ, ಸೆಲ್ಫಿ ತೆಗೆಯೋರನ್ನ ತಪ್ಪಿಸಿಕೊಂಡು ಹೋಗ್ತೀವಿ. ಇದರ ಮೇಲೆ ಜಿಪಿಎಸ್ ಚುಕ್ಕಿಗಳ ಓರೆ ಬೇರೆ. ಎಲ್ಲ ಸೇರಿ 10.2.

"ಇನ್ನೂರು ಮೀಟರ್ ತಾನೇ, ಬಿಡಿ" ಅಂತೀರಾ? ಕಿಲೋಮೀಟರಿಗೆ ಆರು ನಿಮಿಷದ ವೇಗದವರಿಗೆ ಇನ್ನೂರು ಮೀಟರ್ ಅಂದ್ರೆ 72 ಸೆಕೆಂಡ್. ವಾಚಿನ ಪ್ರಕಾರ ನಿಮ್ಮ ಹತ್ತು ಕಿಲೋಮೀಟರ್ ಫಿನಿಶ್ ಗೆರೆಗಿಂತ 72 ಸೆಕೆಂಡ್ ಮೊದಲೇ ಮುಗಿದುಹೋಯ್ತು. ಆ್ಯಪ್ ಅದನ್ನೇ ಹೊಸ ದಾಖಲೆ ಅಂತ ಕಿರೀಟ ತೊಡಿಸುತ್ತೆ. ಮುಂದಿನ ರೇಸಿಗೆ ನೀವು ಆ ವೇಗ ನಂಬಿ ಹೊರಟ್ರೆ ಏಳನೇ ಕಿಲೋಮೀಟರಲ್ಲಿ ಕಾಲು ಸೋಲುತ್ತೆ. ಅದಕ್ಕೇ ರೇಸ್‌ನ ದಾಖಲೆಗೆ ಚಿಪ್ ಟೈಮ್ ಒಂದನ್ನೇ ನಂಬಿ. ಓಡೋವಾಗ ವಾಚಲ್ಲಿ ಆ ಕ್ಷಣದ ವೇಗ ನೋಡೋದು ಬಿಡಿ, ಅದು ಕುಣೀತಾನೇ ಇರುತ್ತೆ. ಒಂದೊಂದು ಕಿಲೋಮೀಟರಿನ ಸರಾಸರಿ ನೋಡಿದ್ರೆ ಸಾಕು.

ಇನ್ನು ಹೃದಯ ಬಡಿತ. ವಾಚಿನ ಹಿಂದೆ ಹಸಿರು ದೀಪ ಮಿನುಗುತ್ತಲ್ಲ, ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುತ್ತೆ. ಪ್ರತಿ ಬಡಿತಕ್ಕೂ ಮಣಿಕಟ್ಟಿನಲ್ಲಿ ರಕ್ತ ಹೆಚ್ಚು ಕಡಿಮೆ ಆಗೋದನ್ನು ಸೆನ್ಸರ್ ಎಣಿಸುತ್ತೆ. ವಾಚ್ ಸಡಿಲ ಇದ್ರೆ ಕೈ ಬೀಸೋ ಲಯವನ್ನೇ ಬಡಿತ ಅಂದುಕೊಳ್ಳೋದೂ ಉಂಟು. ನಿಧಾನಕ್ಕೆ ಓಡ್ತಿದ್ರೂ 170 ತೋರಿಸ್ತಿದ್ರೆ, ಅದು ನಿಮಿಷಕ್ಕೆ ನೀವಿಡೋ ಹೆಜ್ಜೆಗಳ ಲೆಕ್ಕ ಇರಬಹುದು. ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳಷ್ಟು ಮೇಲೆ, ಸ್ವಲ್ಪ ಬಿಗಿಯಾಗಿ ಕಟ್ಟಿ.

ನಿಜವಾದ ತೊಂದರೆ ಬಡಿತ ಎಣಿಸೋದರಲ್ಲಿಲ್ಲ, ಆ್ಯಪ್ ತೋರಿಸೋ 'ಝೋನ್'ಗಳಲ್ಲಿದೆ. ಎಷ್ಟೋ ಕಡೆ ಇದಕ್ಕೆ ಆಧಾರ 220ರಿಂದ ವಯಸ್ಸು ಕಳೆಯೋ ಸೂತ್ರ. 28 ವರ್ಷದವರಿಗೆ ಗರಿಷ್ಠ ಬಡಿತ 192. 2001ರಲ್ಲಿ ಬಂದ ಇನ್ನೊಂದು ಸೂತ್ರ, ಅಂದ್ರೆ ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆದ್ರೆ, 188 ಬರುತ್ತೆ. ಎರಡೂ ಜನಸಮೂಹದ ಸರಾಸರಿ. ಅದೇ ವಯಸ್ಸಿನ ಒಬ್ಬರಿಗೆ 180, ಇನ್ನೊಬ್ಬರಿಗೆ 203 ಇದ್ರೂ ಇಬ್ಬರೂ ಆರೋಗ್ಯವಂತರೇ. 203 ಇರೋರಿಗೆ ಆ್ಯಪ್ "ತುಂಬಾ ಜೋರಾಯ್ತು" ಅಂತ ಸುಮ್ಮನೆ ಹೆದರಿಸುತ್ತೆ. 180 ಇರೋರಿಗೆ "ಇದು ಸುಲಭದ ಓಟ" ಅಂತ ಹೇಳಿ ದಿನಾ ಸುಸ್ತು ಮಾಡಿಸುತ್ತೆ. ಈ ಎರಡನೆಯದೇ ಅಪಾಯ. ಹವಾಮಾನವೂ ಲೆಕ್ಕ ಕೆಡಿಸುತ್ತೆ: ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ಓಡಿದ ವೇಗದಲ್ಲೇ ಏಪ್ರಿಲ್‌ನಲ್ಲಿ ಮಂಗಳೂರಲ್ಲಿ ಓಡಿ ನೋಡಿ. ಮೈ ತಂಪು ಮಾಡೋಕೆ ರಕ್ತ ಚರ್ಮದ ಕಡೆ ಹರಿಯುತ್ತೆ, ಬಡಿತ ಏರುತ್ತೆ. ಅದನ್ನು ನೋಡಿ ನಿಮ್ಮ ಫಿಟ್‌ನೆಸ್ ಕುಸಿದಿದೆ ಅಂತ ಆ್ಯಪ್ ಹೇಳಿದ್ರೆ ಬೇಜಾರು ಮಾಡ್ಕೋಬೇಡಿ. ಸುಲಭದ ಓಟಕ್ಕೆ ಹಳೇ ಪರೀಕ್ಷೆಯೇ ವಾಸಿ: ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡೋಕೆ ಆಗ್ತಿದ್ಯಾ?

ಕ್ಯಾಲೊರಿ ಬಗ್ಗೆ ಹೆಚ್ಚು ಹೇಳೋದಿಲ್ಲ. 2017ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಏಳು ಬಗೆಯ ರಿಸ್ಟ್‌ಬ್ಯಾಂಡ್ ಪರೀಕ್ಷಿಸಿದ್ರು. ಬಡಿತದಲ್ಲಿ ಆರು ಪಾಸ್, ತಪ್ಪು ಶೇ. 5ರ ಒಳಗೆ. ಕ್ಯಾಲೊರಿಯಲ್ಲಿ ಇದ್ದುದರಲ್ಲೇ ಉತ್ತಮವಾದದ್ದೂ ಸರಾಸರಿ ಶೇ. 27ರಷ್ಟು ತಪ್ಪು! ಬಾಯಿಲೆಕ್ಕ ಬೇಕಾದ್ರೆ ಒಂದು ಕಿಲೋ ತೂಕಕ್ಕೆ, ಒಂದು ಕಿಲೋಮೀಟರ್ ಓಟಕ್ಕೆ, ಸುಮಾರು ಒಂದು ಕ್ಯಾಲೊರಿ. 60 ಕಿಲೋದವರು ಐದು ಕಿಲೋಮೀಟರ್ ಓಡಿದ್ರೆ 300. ವಾಚ್ 500 ಅಂದಿದೆ ಅಂತ ಎರಡನೇ ಮಸಾಲೆ ದೋಸೆ ಹೇಳೋದು ನಿಮ್ಮಿಷ್ಟ.

ಈ ಪುಸ್ತಕದಲ್ಲಿ ಕಾಲಂ ಇಲ್ಲದ ವಿಷಯಗಳೂ ಇವೆ. ಮೊಣಕಾಲಿನ ಕೆಳಗೆ ಮೂರು ದಿನದಿಂದ ಇರೋ ನೋವು ಯಾವ ಉಪಗ್ರಹಕ್ಕೂ ಕಾಣಲ್ಲ. ಆ್ಯಪ್‌ಗೆ ಕಾಣೋದು ನಿಮ್ಮ 40 ದಿನದ ಸ್ಟ್ರೀಕ್ ಮುರಿಯುತ್ತೆ ಅನ್ನೋದು, ಹಾಗಾಗಿ ರಾತ್ರಿ ಒಂಬತ್ತಕ್ಕೆ ನೋಟಿಫಿಕೇಶನ್ ಕಳಿಸುತ್ತೆ. ನನ್ನ ಮಟ್ಟಿಗೆ ಆ್ಯಪ್‌ನ ಅತ್ಯಂತ ಉಪಯುಕ್ತ ಜಾಗ ಅಂದ್ರೆ ಓಟದ ಕೆಳಗೆ ಟಿಪ್ಪಣಿ ಬರೆಯೋ ಖಾಲಿ ಡಬ್ಬಿ. "ನಿದ್ದೆ ಐದು ಗಂಟೆ, ಎಡಗಾಲು ಹಿಡಿದಂಗಿದೆ." ಮೂರು ವಾರದ ಟಿಪ್ಪಣಿ ಒಟ್ಟಿಗೆ ಓದಿ, ಯಾವ ಗ್ರಾಫೂ ಹೇಳದ್ದು ಕಾಣುತ್ತೆ.

ಇನ್ನೊಂದು ಪ್ರಶ್ನೆ: ಈ ಪುಸ್ತಕವನ್ನು ಯಾರ್ಯಾರು ಓದ್ತಾರೆ? ಸ್ಟ್ರಾವಾ 2017ರ ನವೆಂಬರ್‌ನಲ್ಲಿ ಜಗತ್ತಿನವರೆಲ್ಲ ಓಡಿದ ದಾರಿಗಳ ಹೀಟ್‌ಮ್ಯಾಪ್ ಹೊರತಂದಿತು. 2018ರ ಜನವರಿಯಲ್ಲಿ ಆಸ್ಟ್ರೇಲಿಯಾದ ಒಬ್ಬ ವಿದ್ಯಾರ್ಥಿ ಅದರಲ್ಲಿ ಸೇನಾ ನೆಲೆಗಳ ಆಕಾರ ಕಾಣುತ್ತೆ ಅಂತ ತೋರಿಸಿದ, ಸೈನಿಕರು ಜಾಗಿಂಗ್ ಮಾಡಿದ ಗೆರೆಗಳವು. 2024ರಲ್ಲಿ ಫ್ರಾನ್ಸಿನ ಲ ಮೊಂದ್ ಪತ್ರಿಕೆ ಅಧ್ಯಕ್ಷರ ಅಂಗರಕ್ಷಕರ ಓಟ ಹಿಂಬಾಲಿಸಿ, ಅಧ್ಯಕ್ಷರು ಎಲ್ಲಿ ಉಳಿದುಕೊಳ್ತಾರೆ ಅಂತ ಪತ್ತೆ ಮಾಡಿತು. ನಾವೇನು ಅಧ್ಯಕ್ಷರಲ್ಲ. ಆದ್ರೆ ಬೆಳಗ್ಗೆ ಐದೂವರೆಗೆ ದಿನಾ ಒಂದೇ ಗೇಟಿಂದ ಹೊರಟು ಒಬ್ಬಂಟಿಯಾಗಿ ಒಂದೇ ದಾರಿಯಲ್ಲಿ ಓಡೋ ಹುಡುಗಿಯ ಮ್ಯಾಪ್ ಎಲ್ಲರಿಗೂ ತೆರೆದಿದ್ರೆ, ಅದರಲ್ಲಿ ಮನೆ, ವೇಳೆ, ದಾರಿ ಮೂರೂ ಇರುತ್ತೆ.

ಸ್ಟ್ರಾವಾದಲ್ಲಿ ಸೆಟ್ಟಿಂಗ್ಸ್, ಪ್ರೈವಸಿ ಕಂಟ್ರೋಲ್ಸ್, ಅದರೊಳಗೆ ಮ್ಯಾಪ್ ವಿಸಿಬಿಲಿಟಿಗೆ ಹೋಗಿ. ಮನೆಯ ಸುತ್ತಲಿನ ಗೆರೆಯನ್ನು 1,600 ಮೀಟರ್ ತನಕ ಮರೆಮಾಡಬಹುದು. ಚಿಕ್ಕ ವೃತ್ತ ಇಡಬೇಡಿ. ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದವರು 2022ರಲ್ಲಿ ತೋರಿಸಿದ ಹಾಗೆ, ಗೆರೆ ಮರೆಯಾದ್ರೂ ಒಟ್ಟು ದೂರದ ಮಾಹಿತಿಯಲ್ಲಿ ಮರೆಯಾದ ಭಾಗವೂ ಸೇರಿರುತ್ತೆ. ಕಾಣೋ ಗೆರೆಯ ಉದ್ದ ಕಳೆದು, ಉಳಿದಷ್ಟು ದೂರವನ್ನು ಅಲ್ಲಿನ ರಸ್ತೆಗಳ ಮೇಲೆ ಕೂರಿಸಿದ್ರೆ ಮನೆ ಊಹಿಸಬಹುದು. ಇನ್ನೂ ಭದ್ರ ಬೇಕು ಅಂದ್ರೆ ಓಟವನ್ನು ಫಾಲೋವರ್ಸ್‌ಗೆ ಮಾತ್ರ ಕಾಣೋ ಹಾಗಿಡಿ, ಫಾಲೋವರ್ಸ್ ಪಟ್ಟಿಯನ್ನೂ ಒಮ್ಮೆ ಜರಡಿ ಹಿಡೀರಿ.

ಕೊನೆಗೆ ಒಂದು ಕೆಲಸ. ಎಂಡೊಮೊಂಡೊ ಅನ್ನೋ ಜನಪ್ರಿಯ ಆ್ಯಪ್ ಇತ್ತು, 2020ರ ಡಿಸೆಂಬರ್ 31ಕ್ಕೆ ಮುಚ್ಚಿತು. ಅದೇ ವರ್ಷ ಜುಲೈನಲ್ಲಿ ಸೈಬರ್ ದಾಳಿಯಿಂದ ಗಾರ್ಮಿನ್ ಸೇವೆ ಹಲವು ದಿನ ನಿಂತುಹೋಗಿತ್ತು. ನಿಮ್ಮ ವರ್ಷಗಟ್ಟಲೆ ಓಟ ಅವರ ಸರ್ವರಲ್ಲಿದೆ, ನಿಮ್ಮ ಹತ್ತಿರ ಪ್ರತಿ ಇಲ್ಲ. ಸ್ಟ್ರಾವಾ ವೆಬ್‌ಸೈಟಿಗೆ ಲಾಗಿನ್ ಆಗಿ, 'ಮೈ ಅಕೌಂಟ್' ಒಳಗೆ ಡೌನ್‌ಲೋಡ್ ವಿನಂತಿ ಕೊಡಿ, ಮೇಲ್‌ಗೆ ಲಿಂಕ್ ಬರುತ್ತೆ. ಆ ಬಟನ್ ಇರೋದು ಅಕೌಂಟ್ ಅಳಿಸೋ ಪುಟದಲ್ಲೇ, ಹಾಗಾಗಿ ಕೆಳಗಿನ ಇನ್ನೊಂದು ಬಟನ್ ಒತ್ತೋ ಮುಂಚೆ ಎರಡು ಸಲ ಓದಿಕೊಳ್ಳಿ.